ಓನರಮ್ಮ ಮತ್ತು ಆ ಸಿನಿಮಾದ ಕೊನೆ

ಓನರಮ್ಮನ ಕೆಳತುಟಿಯ ಎಡಭಾಗದಲ್ಲಿ ಅಕ್ಕಿಕಾಳಿನಷ್ಟು ಉದ್ದದ ಬಿಳಿಯ ಕಲೆಯೊಂದಿತ್ತು. ಮಾತನಾಡುವಾಗ ಅದು ಕಾಣುತ್ತಿರಲಿಲ್ಲ. ನಕ್ಕಾಗ ಮಾತ್ರ ತುಟಿ ಹಿಗ್ಗಿ ಎದ್ದು ಕಾಣುತ್ತಿತ್ತು. ಬಿದ್ದು ಆದ ಗಾಯವೇ ಎಂದು ಒಮ್ಮೆ ಕೇಳಿದ್ದೆ.

“ಬಿದ್ದಿದ್ದಲ್ಲ ಕಣೇ, ನಾನೇ ಕಚ್ಕೊಂಡಿದ್ದು. ಸಿನಿಮಾ ನೋಡ್ತಾ,” ಎಂದಿದ್ದರು.

ಪರದೆಯ ಮೇಲೆ ಬಾಗಿಲ ಹಿಂದಿನಿಂದ ಚಾಕು ಹಿಡಿದ ಕೈಯೊಂದು ಹೊರಬಂದಾಗ, ಕಿರುಚಬಾರದೆಂದು ಅವರು ತುಟಿ ಕಚ್ಚಿಕೊಂಡಿದ್ದರಂತೆ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಪಕ್ಕದಲ್ಲಿ ಗಂಡ, ಹಿಂದಿನ ಸಾಲಿನಲ್ಲಿ ಮೈದುನ, ಸುತ್ತ ಗಂಡನ ಊರಾದ ಹಾರನಹಳ್ಳಿಯ ಜನ. ಹೊಸ ಸೊಸೆ ಟಾಕೀಸಿನಲ್ಲಿ ಕಿರುಚಿದಳೆಂದು ಯಾರೂ ಆಡಿಕೊಳ್ಳಬಾರದಾಗಿತ್ತು.

ನಾನು ಪದವಿ ಓದಲೆಂದು ಬಸ್ತಿಹಳ್ಳಿಯಿಂದ ಅರಸೀಕೆರೆಗೆ ಬಂದಾಗ ಅವರ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ರೂಮು ಕೇಳಲು ಹೋದಲ್ಲೆಲ್ಲ ಮೊದಲು ಊರು ಕೇಳುತ್ತಿದ್ದರು, ಆಮೇಲೆ ಅಪ್ಪನ ಹೆಸರು, ಆಮೇಲೆ ಯಾವ ಕೇರಿ ಎಂದು. ನಮ್ಮದು ಬುದ್ಧನ ಪಟಕ್ಕೆ ಹೂವಿಡುವ ಮನೆ. ಮೂರನೆಯ ಉತ್ತರ ಕೇಳಿದ ಮೇಲೆ, ರೂಮು ನೆನ್ನೆ ತಾನೇ ಬೇರೆಯವರಿಗೆ ಮಾತಾಗಿದೆ ಎನ್ನುತ್ತಿದ್ದರು. ಹಣೆಗೆ ವಿಭೂತಿ ಧರಿಸಿ ಬಾಗಿಲು ತೆರೆದ ಈ ಹೆಂಗಸೂ ಅದನ್ನೇ ಹೇಳುವರೆಂದು ನಾನು ಅರ್ಧ ತಿರುಗಿಯೇ ನಿಂತಿದ್ದೆ.

“ಸಿನಿಮಾ ನೋಡ್ತೀಯಾ?” ಎಂದು ಕೇಳಿದರು.

“ನೋಡ್ತೀನಿ.”

“ಹಳೇವು?” ಎಂದು, ಎಂಬತ್ತರ ದಶಕದ ಒಂದು ಕೊಲೆಯ ಸಿನಿಮಾದ ಹೆಸರು ಹೇಳಿ, “ನೋಡಿದೀಯಾ?” ಎಂದರು.

“ಇಲ್ಲ.”

“ನಿಮ್ಮಪ್ಪ?”

“ಕೇಳ್ಬೇಕು.”

“ಕೇಳು. ಸೋಮವಾರ ಸಾಮಾನು ತಗೊಂಡು ಬಾ.”

ಆ ಸಿನಿಮಾದ ಕಥೆಯನ್ನು ಅವರ ಬಾಯಿಂದ ನಾನು ಅನೇಕ ಸಲ ಕೇಳಿದ್ದೇನೆ. ಬೆಟ್ಟದ ಮೇಲೊಂದು ಬಂಗಲೆ. ಹಾಸಿಗೆ ಹಿಡಿದಿರುವ ಮುದುಕ ಯಜಮಾನ, ಅವನ ಆರೈಕೆಗೆ ಒಬ್ಬ ಡಾಕ್ಟರು, ಒಬ್ಬಳು ನರ್ಸು, ಗೇಟಿನಲ್ಲಿ ಒಬ್ಬ ವಾಚ್‌ಮನ್. ರಜೆ ಕಳೆಯಲು ಬಂದ ಕಾಲೇಜು ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಚಾಕುವಿಗೆ ಬಲಿಯಾಗುತ್ತಾರೆ. ಕೊಲೆಗಾರನ ಕೈ ಕಾಣುತ್ತದೆ, ಮುಖ ಕಾಣುವುದಿಲ್ಲ. ಕೊನೆಯಲ್ಲಿ ಭಾರಿ ತಿರುವಿದೆ ಎಂದು ಗೋಡೆ ಗೋಡೆಗೂ ಪೋಸ್ಟರ್ ಅಂಟಿಸಿದ್ದರಂತೆ.

ಆ ತಿರುವನ್ನು ಓನರಮ್ಮ ನೋಡಿರಲಿಲ್ಲ. ಅರಸೀಕೆರೆಯ ಟಾಕೀಸಿನಲ್ಲಿ ಸಂಜೆಯ ಆಟ ಮುಗಿಯುವುದಕ್ಕೆ ಮೊದಲೇ ಹಾರನಹಳ್ಳಿಯ ಕೊನೆಯ ಬಸ್ಸು ಹೊರಡುತ್ತಿತ್ತು. ಹೊತ್ತಾದಾಗ ಗೇಟಿನವನು ಬಾಗಿಲ ಪರದೆ ಸರಿಸಿ, “ಹಾರನಹಳ್ಳಿಯೋರು ಏಳ್ರಪ್ಪೋ,” ಎಂದು ಕೂಗುವ ಪದ್ಧತಿಯಿತ್ತು. ಕೂಗಿದೊಡನೆ ಬೆಂಚುಗಳು ಖಾಲಿಯಾಗುತ್ತಿದ್ದವು. ಆ ಊರಿನವರು ಎಷ್ಟೋ ಸಿನಿಮಾಗಳ ಕೊನೆಯನ್ನು ಬಸ್ಸಿನಲ್ಲೇ ತಮತಮಗೆ ತೋಚಿದಂತೆ ಕಟ್ಟಿಕೊಂಡವರು. ಆ ದಿನ ಕೂಗು ಬಿದ್ದಾಗ, ಪರದೆಯ ಮೇಲೆ ವಾಚ್‌ಮನ್ ರಕ್ತ ಮೆತ್ತಿದ ಚಾಕುವಿನೊಡನೆ ಸಿಕ್ಕಿಬಿದ್ದಿದ್ದ. ವಾಚ್‌ಮನ್ನೇ ಕೊಲೆಗಾರ ಎಂದು ಬಸ್ಸಿನಲ್ಲಿ ತೀರ್ಮಾನವಾಯಿತು. ಊರು ಮುಟ್ಟುವವರೆಗೂ ಅವನನ್ನು ಬೈದರಂತೆ.

ಓನರಮ್ಮ ಒಪ್ಪಲಿಲ್ಲ. ತಿರುವಿದೆ ಎಂದ ಮೇಲೆ ಸಿಕ್ಕಿಬಿದ್ದವನೇ ಹೇಗೆ ಕೊಲೆಗಾರನಾಗುತ್ತಾನೆ? ಸೆರಗಿನಿಂದ ತುಟಿಯ ರಕ್ತ ಒತ್ತಿಕೊಂಡು ಅವರು ಸಣ್ಣದಾಗಿ ಅಳತೊಡಗಿದಾಗ, ಗಂಡ ಕಿವಿಯ ಬಳಿ ಬಗ್ಗಿ, “ಅಳ್ಬ್ಯಾಡ. ನಾನು ಇನ್ನೊಂದ್ಸಲ ಬಂದು ಪೂರ್ತಿ ನೋಡ್ಕೊಂಡು ಹೋಗಿ ಹೇಳ್ತೀನಿ,” ಎಂದರಂತೆ. ಮುಂದಿನ ವಾರ ಕೊಬ್ಬರಿ ಮಂಡಿಯ ಕೆಲಸವೆಂದು ಅರಸೀಕೆರೆಗೆ ಹೋಗಿ ಬಂದವರು, ಊಟಕ್ಕೆ ಕುಳಿತು, “ನೋಡ್ದೆ,” ಎಂದರು.

“ಯಾರು?”

“ಡಾಕ್ಟ್ರು.”

ಆ ಡಾಕ್ಟರಿಗೆ ರಕ್ತ ಕಂಡರೆ ತಲೆ ಸುತ್ತುತ್ತಿತ್ತಂತೆ. ಅದಕ್ಕೇ ಯಾರೂ ಅವನನ್ನು ಅನುಮಾನಿಸಿರಲಿಲ್ಲವಂತೆ. ಅವನು ಕಣ್ಣು ಮುಚ್ಚಿಕೊಂಡೇ ಕೊಲ್ಲುತ್ತಿದ್ದನಂತೆ.

ಕೆಲವು ತಿಂಗಳ ನಂತರ ಮತ್ತೆ ಕೇಳಿದಾಗ, ಆ ಕಾಲೇಜಿನವರಲ್ಲಿ ಕನ್ನಡಕದ ಹುಡುಗಿ ಎಂದರು. “ಅವತ್ತು ಡಾಕ್ಟ್ರು ಅಂದ್ರಲ್ಲ?” ಎಂದರೆ, “ಡಾಕ್ಟ್ರೂ ಇದ್ದ. ಅವನು ಬರೀ ಸಹಾಯಕ್ಕೆ,” ಎಂಬ ಉತ್ತರ. ಇನ್ನೊಮ್ಮೆ, ಮೊದಲು ಸತ್ತವನಿಗೆ ಅವಳಿ ತಮ್ಮನಿದ್ದನೆಂದರು. ಅರಸೀಕೆರೆಯಲ್ಲಿ ಮನೆ ಮಾಡಿ, ಮಗಳನ್ನು ಬಾಣಾವರಕ್ಕೆ ಕೊಟ್ಟು, ಮೊಮ್ಮಕ್ಕಳಾದರೂ ಈ ಪ್ರಶ್ನೋತ್ತರ ನಡೆದೇ ಇತ್ತು. ನಾನು ಆ ಮನೆಗೆ ಹೋಗುವುದಕ್ಕೆ ಮೊದಲೇ ಗಂಡ ತೀರಿಕೊಂಡಿದ್ದರು.

“ಆಸ್ಪತ್ರೇಲಿ ಕೇಳಣ ಅಂತ ಬಾಯಿಗಂಟ ಬಂತು. ಅಂಥಾ ಹೊತ್ನಲ್ಲಿ ಕೇಳೋ ಮಾತಾ ಅದು ಅಂತ ಸುಮ್ಕಾದೆ,” ಎಂದು ಓನರಮ್ಮ ಹೇಳಿದ್ದರು. “ಅವರು ಹೇಳಿದ್ದಷ್ಟರಲ್ಲಿ ಒಂದಾದ್ರೂ ನಿಜ ಇರಬೇಕಲ್ವೇನೇ? ಯಾವ್ದು ಅಂತ ಗೊತ್ತಾದ್ರೆ ಸಾಕು.”

ಅವರಿಗೆ ಬೇಕಾಗಿದ್ದುದು ಅಷ್ಟೇ. ಆ ಕಾಲದಲ್ಲಿ ಸಿನಿಮಾ ನೋಡಿರಬಹುದಾದ ವಯಸ್ಸಿನವರು ಯಾರು ಜಗಲಿ ಹತ್ತಿದರೂ ಅವರನ್ನು ಕೇಳುತ್ತಿದ್ದರು. ಹೂವಿನವಳು, “ನೋಡಿದ್ದೆ ಕಣ್ರವ್ವ. ಆ ಬಂಗ್ಲೆ ಕಿಟಕಿ ಪರದೆ ಏನ್ ಚೆಂದ ಇತ್ತು,” ಎಂದಳು. ಟೈಲರು, “ಅರ್ಧ ಸಿನಿಮಾ ಕಣ್ಮುಚ್ಕೊಂಡಿದ್ದೆ. ಹಾಡು ಪರವಾಗಿಲ್ಲ,” ಎಂದರು. ರೈಲ್ವೆಯಿಂದ ನಿವೃತ್ತರಾದ ಎದುರುಮನೆಯವರು ಇಷ್ಟು ವರ್ಷಗಳಾದರೂ ಕೋಪದಲ್ಲಿದ್ದರು: “ಕೊನೇಲಿ ಮೋಸ ಮಾಡ್ಬಿಟ್ರು ಕಣ್ರೀ.”

“ಯಾರು ಕೊಂದಿದ್ದು?”

“ಅದು ನೆನಪಿಲ್ಲ. ಮೋಸ ಆಗಿದ್ದು ಮಾತ್ರ ನೆನಪೈತೆ.”

ಓನರಮ್ಮ ಯಾರನ್ನೂ ತಿದ್ದುತ್ತಿರಲಿಲ್ಲ. ಎಲ್ಲರದನ್ನೂ ಕೇಳಿ, ಕಾಫಿ ಕೊಟ್ಟು ಕಳುಹಿಸುತ್ತಿದ್ದರು. ಭಾನುವಾರ ಟೀವಿಯಲ್ಲಿ ಏನು ನೋಡಿದರೂ ನನ್ನನ್ನೂ ಕೇಳುತ್ತಿದ್ದರು, ಹೇಗಿತ್ತು ಎಂದು. ನಾನು ಪತ್ರಿಕೆಯಲ್ಲಿ ಓದಿದ್ದನ್ನು ಜೋಡಿಸಿಕೊಂಡು, ನಿರೂಪಣೆ ಸಡಿಲವಾಗಿದೆ, ಪಾತ್ರಪೋಷಣೆ ಸಾಲದು ಎನ್ನುತ್ತಿದ್ದೆ. “ಅದು ಪೇಪರ್ನೋರಿಗೆ ಅನ್ನಿಸಿದ್ದು. ನಿಂಗೇನನ್ನಿಸ್ತು?” ಎನ್ನುತ್ತಿದ್ದರು. ಉತ್ತರ ಸರಿಯೋ ತಪ್ಪೋ ಎಂದು ನೋಡದೆ ನನ್ನನ್ನು ಪ್ರಶ್ನೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಏನು ಹೇಳಬೇಕೆಂದು ತೋಚದೆ ನಾನು ಬಹಳ ಕಾಲ ಸುಮ್ಮನೆ ಕುಳಿತಿರುತ್ತಿದ್ದೆ. ಅವರು ಕಾಯುತ್ತಿದ್ದರು.

ಪದವಿ ಮುಗಿದು ಬೇಲೂರಿನ ಒಂದು ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿತು. ಬಿಡುವಾದ ಭಾನುವಾರಗಳಲ್ಲಿ ಅರಸೀಕೆರೆಗೆ ಹೋಗಿ ಬರುತ್ತಿದ್ದೆ. ಒಂದು ದಿನ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಆ ಸಿನಿಮಾ ಸಿಕ್ಕಿತು. ಯಾರೋ ಹಳೆಯ, ಮಾಸಿದ ಪ್ರತಿಯನ್ನು ಹಾಕಿದ್ದರು. ಕೆಳಗೆ ನೋಡಿದವರ ಅಭಿಪ್ರಾಯಗಳು ಉದ್ದಕ್ಕೆ ಸಾಲುಗಟ್ಟಿದ್ದವು. ಪೂರ್ತಿ ನೋಡದೆ ಫೋನು ಹಿಡಿದುಕೊಂಡು ಓನರಮ್ಮನ ಮನೆಗೆ ಹೋದೆ.

ಸಿನಿಮಾಕ್ಕಿಂತ ಮೊದಲು ಅವರು ಆ ಅಭಿಪ್ರಾಯಗಳನ್ನು ಓದಿಸಿ ಕೇಳಿದರು. ಒಬ್ಬರು, ಇದನ್ನು ನೋಡಿದ ಮೇಲೆ ವಾರಗಟ್ಟಲೆ ಹಿತ್ತಿಲಿಗೆ ಒಬ್ಬರೇ ಹೋಗಿರಲಿಲ್ಲ ಎಂದು ಬರೆದಿದ್ದರು. “ನಮ್ಮೋರು ಯಾರೋ ಇರ್ಬೇಕು,” ಎಂದರು ಓನರಮ್ಮ. ಇನ್ನೊಬ್ಬರು, ತಿರುವು ಮೊದಲೇ ತಿಳಿದುಹೋಯಿತು, ಸಪ್ಪೆ ಎಂದಿದ್ದರು. “ಸುಳ್ಳು. ಗೊತ್ತಾಗಿದ್ರೆ ಕೊನೇಗಂಟ ಯಾಕೆ ಕೂತಿದ್ದ?” ರಕ್ತವೆಲ್ಲ ಕುಂಕುಮದ ನೀರಿನಂತಿದೆ ಎಂದು ಒಬ್ಬರು. ದಯವಿಟ್ಟು ಯಾರೂ ಕೊನೆಯನ್ನು ಹೇಳಬೇಡಿ ಎಂದು ಮತ್ತೊಬ್ಬರು. “ನೋಡು, ಇವಳು ಒಳ್ಳೇವಳು,” ಎಂದರು.

ಊಟ ಮುಗಿಸಿ, ಸಕ್ಕರೆ ಡಬ್ಬಿಗೆ ಫೋನನ್ನು ಒರಗಿಸಿ ನೋಡತೊಡಗಿದೆವು. ನನಗೆ ಭಯವಾಗಲಿಲ್ಲ. ವಾಚ್‌ಮನ್ ಚಾಕುವಿನೊಡನೆ ಸಿಕ್ಕಿಬಿದ್ದಾಗ ಓನರಮ್ಮ ಎದ್ದು ನಿಂತರು. ನಾನು ಫೋನಿನ ಮೇಲೆ ಬೆರಳಿಟ್ಟು ನಿಲ್ಲಿಸಿದೆ.

“ಇಲ್ಲಿಗೇ ಎದ್ದಿದ್ದು,” ಎಂದು ನಿಂತೇ ಹೇಳಿದರು. ಸ್ವಲ್ಪ ಹೊತ್ತಿನ ನಂತರ ಕುಳಿತರು. “ಹಾಕು.”

ಕೊಂದವಳು ನರ್ಸು. ಪ್ರತಿ ಹೆಣದ ಬಳಿಗೂ ಎಲ್ಲರಿಗಿಂತ ಮೊದಲು ಓಡಿಬಂದು, ಕಣ್ಣು ಮುಚ್ಚಿ, ಬಿಳಿಯ ದುಪ್ಪಟಿ ಹೊದಿಸಿ ಅಳುತ್ತಿದ್ದವಳು. ಮುಗಿಯಿತು ಎಂಬ ಅಕ್ಷರಗಳು ಬಂದು, ಫೋನು ತನ್ನಷ್ಟಕ್ಕೆ ಮುಂದಿನ ಯಾವುದೋ ಸಿನಿಮಾಕ್ಕೆ ಹಾರಿತು. ಅದನ್ನು ನಿಲ್ಲಿಸಿದೆ.

“ಹೊದಿಸೋಳಾ,” ಎಂದರು ಓನರಮ್ಮ. ಆಮೇಲೆ, “ಇವಳನ್ನ ಅವರು ಒಂದ್ಸಲನೂ ಹೇಳ್ಲಿಲ್ಲ.”

“ಮರೆತಿರಬಹುದು,” ಎಂದೆ.

“ಮರೆಯೋ ಅಂಥದ್ದಾ ಇದು?” ಅವರು ಕೈಯಿಂದ ಮೇಜಿನ ಮೇಲಿದ್ದ ಸಕ್ಕರೆಯ ಹರಳುಗಳನ್ನು ಒಂದು ಕಡೆಗೆ ಗುಡಿಸುತ್ತಿದ್ದರು. “ಅವರೂ ನೋಡಿರ್ಲಿಲ್ಲ ಕಣೇ. ಆ ವಾರ ಮಂಡಿ ಕೆಲಸ ಮುಗಿಸ್ಕೊಂಡು ಹಂಗೇ ಬಂದವ್ರೆ.”

ಅಳಲಿಲ್ಲ, ನಗಲಿಲ್ಲ. ನನಗೂ ಏನೂ ಆಗಲಿಲ್ಲ. ಅವರು ಎದ್ದು ಕಾಫಿಗೆ ನೀರಿಟ್ಟರು. ಒಲೆಯ ಮುಂದೆ ನಿಂತು ಕೇಳಿದರು.

“ನಿಂಗೇನನ್ನಿಸ್ತು?”

“ಹೆದರಿಕೆ ಆಗ್ಲಿಲ್ಲ,” ಎಂದೆ.

“ಹೂಂ,” ಎಂದರು. ಅವರು ತಮ್ಮ ಅಭಿಪ್ರಾಯ ಹೇಳಿದ್ದು ಹಾಲು ಉಕ್ಕುವ ಹೊತ್ತಿಗೆ. “ಸಿನಿಮಾದೋರ್ದು ಅಷ್ಟಕ್ಕಷ್ಟೆ. ನಮ್ಮನೆಯೋರು ಹೇಳಿದ್ರಲ್ಲ ಡಾಕ್ಟ್ರು ಕತೆ, ಅದೇ ವಾಸಿ.”

ಇನ್ನು ಮುಂದೆ ಅವರು ಯಾರನ್ನೂ ಕೇಳಲಾರರೆಂದು ನಾನು ತಿಳಿದಿದ್ದೆ. ಆದರೆ ಅವರು ಕೇಳುವುದನ್ನು ನಿಲ್ಲಿಸಲಿಲ್ಲ. ಮುಂದೊಂದು ಭಾನುವಾರ ಹಾರನಹಳ್ಳಿಯಿಂದ ಮೈದುನ ಬಂದಿದ್ದರು. ಅಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದವರು. ಈಗ ತಲೆಯೆಲ್ಲ ನೆರೆತಿದೆ.

“ವಾಚ್‌ಮನ್ನೇ ಕಣತ್ತಿಗೆ. ಅದ್ರಲ್ಲೇನೈತೆ ಕೇಳೋದು? ಕೈಯಲ್ಲಿ ಚಾಕಿತ್ತು,” ಎಂದರು ಮೈದುನ.

“ಇರ್ಬೋದೇನಪ್ಪ,” ಎಂದರು ಓನರಮ್ಮ.

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದರು. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ.

ಓನರಮ್ಮ ತೀರಿಕೊಂಡ ಸುದ್ದಿಯನ್ನು ಮಗಳು ಬಾಣಾವರದಿಂದ ಫೋನು ಮಾಡಿ ತಿಳಿಸಿದಳು. ಬೆಳಿಗ್ಗೆ ಪೂಜೆಗೆ ಕುಳಿತವರು ಹಾಗೆಯೇ ಒರಗಿದ್ದರಂತೆ. ನಾನು ಕೈಯಲ್ಲಿದ್ದ ಕಡತವನ್ನು ಮುಗಿಸಿ, ರಜೆ ಹೇಳಿ, ಬಸ್ಸು ಹತ್ತಿದೆ. ಹಳೇಬೀಡಿನಲ್ಲಿ ಶಾಲೆಯ ಮಕ್ಕಳು ಹತ್ತಿ ಗಲಾಟೆ ಮಾಡಿಕೊಂಡು ಕುಳಿತರು. ಅಳು ಬರಬಹುದೆಂದು ಕಿಟಕಿಯ ಬದಿಗೆ ಸರಿದಿದ್ದೆ, ಬರಲಿಲ್ಲ. ಮನೆ ಮುಟ್ಟಿದಾಗ ಓನರಮ್ಮನನ್ನು ಅವರ ಪದ್ಧತಿಯಂತೆ ಕುಳ್ಳಿರಿಸಿ, ಹೂವಿನ ಹಾರ ಹಾಕಿದ್ದರು. ಹತ್ತಿರ ಹೋಗಬಹುದೋ ಬಾರದೋ ತಿಳಿಯದೆ ಅಂಗಳದಲ್ಲೇ ನಿಂತಿದ್ದೆ. ಮಗಳು ಬಂದು ಕೈಹಿಡಿದು ಕರೆದುಕೊಂಡು ಹೋಗಿ, ನನ್ನ ಕೈಗೂ ವಿಭೂತಿ ಕೊಟ್ಟಳು. ಹಣೆಗೆ ಹಚ್ಚಿದೆ. ತಣ್ಣಗಿತ್ತು.

ಮಣ್ಣು ಮುಗಿದು ಎಲ್ಲರೂ ಸ್ನಾನ ಮಾಡಿ ಕುಳಿತಿದ್ದಾಗ, ಮೈದುನ ಬಂದು ಜಗಲಿಯ ಮೇಲೆ ನನ್ನ ಪಕ್ಕ ಕುಳಿತರು.

“ನೀನು ಆ ಸಿನಿಮಾ ಪೂರ್ತಿ ನೋಡಿದೀಯಂತೆ,” ಎಂದರು. “ಅತ್ತಿಗೇನ ಕೇಳ್ದೆ, ಹೇಳ್ಲಿಲ್ಲ. ವಾಚ್‌ಮನ್ನೇ ಅಲ್ವೇನವ್ವ?”

“ಅಲ್ಲ. ಡಾಕ್ಟ್ರು,” ಎಂದೆ.

“ಡಾಕ್ಟ್ರಾ? ಅವನಿಗೆ ರಕ್ತ ಕಂಡ್ರೆ ಆಗ್ತಿರ್ಲಿಲ್ವಲ್ಲ, ನಮ್ಮಣ್ಣ ಹೇಳ್ತಿದ್ದ.”

“ಹೌದು. ಅದಕ್ಕೇ ಕಣ್ಣು ಮುಚ್ಕೊಂಡು ಕೊಲ್ತಿದ್ದ.”

“ಎಂಗೆ?” ಎಂದು ಅವರು ನನ್ನ ಕಡೆಗೆ ತಿರುಗಿ ಕುಳಿತರು.

ನಾನು ಮೊದಲಿನಿಂದ ಹೇಳತೊಡಗಿದೆ. ಓನರಮ್ಮ ನನಗೆ ಹೇಳಿದ್ದರಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿದ್ದವು. ಅಲ್ಲಿ ಏನು ನಡೆದಿರಬಹುದೆಂದು ನನಗೆ ಅನ್ನಿಸಿತೋ ಅದನ್ನೇ ಹೇಳಿದೆ.