ಗಾಳೆಮ್ಮನ ಮಗ್ ಮೇಲೊಂದು ಕಾಡು

ಶನಿವಾರ, ಬೆಳಗಿನ ಐದೂವರೆ. ಹನುಮನಹಳ್ಳಿಯ ಮಗ್ ಅಂಗಡಿಯಲ್ಲಿ ಚಿತ್ರ ಅಚ್ಚೊತ್ತುವ ಯಂತ್ರ ಆಗಲೇ ಕಾದಿದೆ.

ಗಾಳೆಮ್ಮ ಬಿಳಿ ಪಿಂಗಾಣಿ ಮಗ್‌ಗೆ ಚಿತ್ರದ ಹಾಳೆ ಸುತ್ತಿ, ಅಂಚಿಗೆ ಟೇಪು ಹಚ್ಚಿ, ಯಂತ್ರದೊಳಗಿಟ್ಟು ಹಿಡಿಕೆ ಒತ್ತುತ್ತಾರೆ. ಮೂರು ನಿಮಿಷಕ್ಕೆ ಯಂತ್ರ ಕೂಗುತ್ತದೆ. ಹೊರತೆಗೆದು ಹಾಳೆ ಸುಲಿದರೆ ಮಗ್ ತುಂಬ ಕಾಡು: ದಟ್ಟ ಮರಗಳು, ನಡುವೆ ಹಳ್ಳ, ನೀರಿಗೆ ಬಾಯಿಟ್ಟ ಎರಡು ಜಿಂಕೆ. ಹಳೆಯ ಕ್ಯಾಲೆಂಡರಿನ ಚಿತ್ರವಿದು. ಹಸಿರೆಲ್ಲ ಮಾಸಿ ಚಹಾದ ಬಣ್ಣಕ್ಕೆ ತಿರುಗಿದೆ.

"ಮುಟ್ಟಬ್ಯಾಡ್ರಿ, ಚುರ್ ಅಂತೈತಿ," ಎಂದು ನಗುತ್ತಾರೆ. ಅವರ ಎಡಗೈಯ ಎರಡು ಬೆರಳ ತುದಿಗಳು ಸುಟ್ಟು ಸುಟ್ಟು ಗಡುಸಾಗಿವೆ.

ನಲವತ್ತಾರರ ಗಾಳೆಮ್ಮ ಆನೆಗೊಂದಿ ಕಡೆಯ ಗದ್ದೆಗಳಲ್ಲಿ ನಾಟಿ ಮಾಡುತ್ತಿದ್ದವರು. ಬದುವಿನ ಮೇಲೆ ಜಾರಿ ಬಿದ್ದು ಮೊಣಕಾಲು ಕೆಟ್ಟಿತು. ಬಗ್ಗಿ ಮಾಡುವ ಕೆಲಸ ಅಲ್ಲಿಗೆ ಮುಗಿಯಿತು. ಗಂಗಾವತಿಯ ವ್ಯಾಪಾರಸ್ಥ ಹಾಲೇಶ ಅಂಜನಾದ್ರಿ ಬೆಟ್ಟದ ಬುಡದಲ್ಲಿ ಈ ಅಂಗಡಿ ತೆರೆದಾಗ ಕಸ ಹೊಡೆಯಲು ಬಂದರು. ತಿಂಗಳೊಪ್ಪತ್ತಿನಲ್ಲಿ ಯಂತ್ರವೇ ಅವರ ಕೈಗೆ ಬಂತು. ಬೇಡಿಕೆ ಇದ್ದರೆ ದಿನಕ್ಕೆ ನಲವತ್ತರ ಆಸುಪಾಸು ಮಗ್ ಯಂತ್ರದಿಂದ ಇಳಿಸಬಲ್ಲರು.

"ಸ್ಟೂಲ್ ಮ್ಯಾಲ ಕುಂತು ಮಾಡೂ ಕೆಲಸ ನೋಡ್ರಿ. ನನ್ನ ಮೊಣಕಾಲಿಗೆ ಇದಕ್ಕಿಂತ ಛಲೋ ಕೆಲಸ ಯಾವೂರಾಗ ಸಿಗತೈತಿ?"

ಆದರೆ ಅಂಗಡಿಯೇ ಸೊರಗಿದೆ. ಇದುವರೆಗೆ ಇಲ್ಲಿ ಮಾಡುತ್ತಿದ್ದದ್ದು ಹನುಮಂತನ ಚಿತ್ರದ ಮಗ್‌ಗಳು. ಹನುಮಂತ ಹುಟ್ಟಿದ ಜಾಗವೆಂದು ಬೆಟ್ಟಕ್ಕೆ ಬಂದವರು ಎತ್ತಿ ನೋಡುತ್ತಾರೆ, ಕಣ್ಣಿಗೊತ್ತಿಕೊಳ್ಳುತ್ತಾರೆ, ಮೆಲ್ಲಗೆ ಕೆಳಗಿಟ್ಟು ಹೋಗುತ್ತಾರೆ. ದೇವರಿಗೆ ಎಂಜಲು ತಾಗಿಸುವುದು ಹೇಗೆ? ತೊಳೆದ ನೀರನ್ನು ಬಚ್ಚಲಿಗೆ ಬಿಡುವುದು ಹೇಗೆ? ಕೊಂಡವರೂ ಷೋಕೇಸಿನಲ್ಲಿ ಇಡುತ್ತಾರೆ. ಹಾಗಾಗಿ ಮನೆಗೊಂದಾದರೆ ಸಾಕು. ಬೇಸತ್ತ ಹಾಲೇಶ ಯಂತ್ರವನ್ನು ಗಂಗಾವತಿಯ ಒಂದು ಫೋಟೊ ಸ್ಟುಡಿಯೊಗೆ ಕೊಟ್ಟುಬಿಡುವ ಮಾತಾಡಿದ್ದಾರೆ. ಯಂತ್ರ ಹೋದರೆ ಗಾಳೆಮ್ಮನ ಕೆಲಸವೂ ಹೋಗುತ್ತದೆ.

"ನಾನಾರ ಹನುಮಪ್ಪನ ಮಾರಿ ಇರೋದ್ರಾಗ ಬಾಯಿ ಹಚ್ಚಿ ಚಾ ಕುಡಿತೀನೇನ್ರಿ? ಅದಕ್ಕ ಸಾವಕಾರ್ರಿಗೆ ಹೇಳಿದ್ನಿ, ದೇವರು ಬ್ಯಾಡ, ಬರೇ ಕಾಡು ಹಾಕೋಣು ಅಂತ."

ಕಾಡು ಸಿಕ್ಕಿದ್ದು ಅವರ ಅತ್ತೆಯ ತಗಡಿನ ಟ್ರಂಕಿನಲ್ಲಿ. ಮುಚ್ಚಳದ ಒಳಬದಿಗೆ ಎಂದೋ ಅಂಟಿಸಿದ್ದ ಚಿತ್ರವನ್ನು ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಅನುಷಾ ಫೋನಿನಲ್ಲಿ ತೆಗೆದುಕೊಂಡಳು.

"ಕಾಡು ಯಾರ್ ಒಯ್ತಾರ, ಗಾಳೆಮ್ಮಕ್ಕ?" ಎಂದು ಹಾಲೇಶ ನಕ್ಕಿದ್ದರಂತೆ.

"ಸುತ್ತ ಹತ್ತೂರು ಬರೇ ಬಂಡಿಗಲ್ಲು ನೋಡಿದ ಮಂದಿ, ಸಾವಕಾರ್ರ. ಗಿಡ ಕಂಡ್ರ ಒಯ್ತಾರ."

ಒಂದೇ ಒಂದು ಶನಿವಾರ ನೋಡೋಣ ಎಂದು ಹಾಲೇಶ ಒಪ್ಪಿದ್ದಾರೆ. ಆ ಶನಿವಾರವೇ ಇಂದು.

ಒಂಬತ್ತರವರೆಗೆ ಒಂದು ಮಗ್ ಕೂಡ ಹೋಗುವುದಿಲ್ಲ. ಗಾಳೆಮ್ಮ ಇದ್ದ ಮಗ್‌ಗಳನ್ನೇ ಮತ್ತೆ ಮತ್ತೆ ಒರೆಸುತ್ತಾರೆ. ಆಗ ಯಲಬುರ್ಗಾ ಕಡೆಯ ಹೆಂಗಸೊಬ್ಬರು ಮಗ್ ಎತ್ತಿ, ಚಿತ್ರದಲ್ಲಿನ ಆಲದ ಮರದ ಬುಡದ ಗಂಟಿನ ಮೇಲೆ ಬೆರಳಿಡುತ್ತಾರೆ.

"ಅಯ್ಯ ನಮ್ಮವ್ವ, ಇಲ್ಲಿ ನೋಡ್ರಿ! ಹನುಮಪ್ಪ ಕುಂತಾನ! ಬಾಲ ಸೈತ ಐತಿ!"

"ಅದು ಬೇರು ರೀ ಅಮ್ಮಾ," ಎನ್ನುತ್ತಾಳೆ ಅನುಷಾ.

"ನೀ ಸುಮ್ನಿರು ತಂಗಿ. ಬೇರು ಹಿಂಗ ಮ್ಯಾಲ ಸುತ್ತತೈತೇನು?"

ಜನ ಮುತ್ತುತ್ತಾರೆ. ಒಬ್ಬರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಮಧ್ಯಾಹ್ನದೊಳಗೆ ಕಪಾಟು ಖಾಲಿ. ಹಾಲೇಶರ ಮುಖ ಅರಳಿದೆ. "ಮಶೀನ್ ಎಲ್ಲೂ ಹೋಗಂಗಿಲ್ಲ, ಗಾಳೆಮ್ಮಕ್ಕ. ನೀನೂ ಅಷ್ಟ."

ಗಾಳೆಮ್ಮ ಸ್ಟೂಲಿನ ಮೇಲೆ ಕೂರುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಮರುಕ್ಷಣವೇ ನಗು ತಡೆಯಲಾರರು. "ಎಲ್ಲಾ ಷೋಕೇಸಿಗೇ ಹೋದ್ವು ನೋಡ್ರಿ! ಮಂದಿ ಚಾ ಕುಡೀಲಿ ಅಂತ ದೇವರನ್ನ ತಗದ್ರ, ಕಾಡಾಗೂ ಬಂದು ಕುಂತ್ನಲ್ಲ ಈ ಹನುಮಪ್ಪ. ಅವನ ಊರಾಗ ಅವನ್ನ ಬಿಟ್ಟು ಏನ್ ಮಾಡಾಕ ಆಗತೈತಿ?"

ಮತ್ತೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಖಾಲಿ ಕಪಾಟಿನ ಕಡೆ ಕೈ ತೋರಿಸುತ್ತಾರೆ. "ನಾ ಮಾಡಿದ ಒಂದಾರ ಮಗ್ ಯಾರಾರ ಬಾಯಿಗೆ ಇಟ್ಟು ಕುಡಿಯೂದು ಕಣ್ಣಿಲೆ ನೋಡಬೇಕ್ರಿ. ಅಷ್ಟ." ಆಮೇಲೆ ಒಳಕ್ಕೆ ತಿರುಗಿ, "ಅನುಷಾ, ಆ ಗಂಟಿನ ಮ್ಯಾಲ ನಾಕು ಎಲಿ ಹೊಚ್ಚಾಕ ಬರತೈತೇನವಾ?"

ಬರುತ್ತದೆ ಎಂದಳು ಅನುಷಾ. ಸೋಮವಾರದಿಂದ ಅಂಗಡಿಯಲ್ಲಿ ಎರಡು ಬಗೆಯ ಕಾಡು ತಯಾರಾಗುತ್ತಿವೆ: ಗಂಟು ಕಾಣುವುದೊಂದು, ಎಲೆ ಹೊದಿಸಿದ್ದೊಂದು. ಎಲೆ ಹೊದಿಸಿದ ಮಗ್‌ಗಳಲ್ಲಿ ಅರ್ಧ ಡಜನ್ ಎದುರಿನ ಅಫ್ರೋಜನ ಚಹಾದಂಗಡಿಗೆ ಹೋದವು. ಗುರುವಾರ ಬೆಳಿಗ್ಗೆ ಗಾಳೆಮ್ಮ ತಮ್ಮ ಸ್ಟೂಲಿನಿಂದ ನೋಡುತ್ತಿದ್ದಂತೆ ಕುಷ್ಟಗಿಯ ಟೆಂಪೊ ಡ್ರೈವರೊಬ್ಬರು ಅವುಗಳಲ್ಲೊಂದರಲ್ಲಿ ಚಹಾ ಕುಡಿದರು. ಚಿತ್ರದ ಕಡೆ ನೋಡಲಿಲ್ಲ. ಖಾಲಿ ಮಗ್ ಕಟ್ಟೆಯ ಮೇಲಿಟ್ಟು, ಬಾಯಿ ಒರೆಸಿಕೊಂಡು ಹೋದರು.