ಗೋಡೆಗೆ ಮುಖ ಮಾಡಿ

ಬೇಸಿಗೆ ರಜೆಯ ಮೊದಲ ರವಿವಾರ, ಮುಂಜಾನೆ ಹತ್ತೂವರೆಗೆ, ವಿಜಯಪುರದ ಸ್ಟೇಷನ್ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ, ಬಾಗಿಲಿನಿಂದ ಮೂರು ಹೆಜ್ಜೆ ಒಳಗೆ, ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ತಿಳಿ ಹಸಿರು ಬಣ್ಣದ ಗೋಡೆ. ನನ್ನ ಹಣೆಯ ಎತ್ತರಕ್ಕೆ ಅಂಗೈಯಗಲದ ಒಂದು ಎಣ್ಣೆಯ ಕಲೆ ಇತ್ತು. ನನಗಿಂತ ಮೊದಲು ಅಲ್ಲಿ ನಿಂತು ಸೋತವರ ಹಣೆ ತಾಗಿ ತಾಗಿ ಆದ ಕಲೆ ಅದು. ನನ್ನ ಬೆನ್ನ ಹಿಂದೆ ನಡೆದದ್ದನ್ನು ನಾನು ನೋಡಲಿಲ್ಲ, ಕೇಳಿದೆ. ಹಾಗಾಗಿ ನೋಡಿದ್ದು ಯಾವುದು, ಕೇಳಿದ್ದು ಯಾವುದು ಎಂದು ಬೇರೆ ಮಾಡಿಯೇ ಬರೆಯುತ್ತೇನೆ.

ಅಂಗಡಿ, ಓಣಿಯವರೆಲ್ಲ ಚಾಚಾ ಎಂದು ಕರೆಯುತ್ತಿದ್ದ ಹಿರಿಯರದು. ಹಾರ್ಮೋನಿಯಂ ಪೇಟಿ, ತಬಲಾ, ಗಿಟಾರ್ ರಿಪೇರಿ ಮಾಡುತ್ತಿದ್ದರು. ಹಳೆಯ ಗಿಟಾರ್‌ಗಳನ್ನು ಸರಿಮಾಡಿ ಮಾರುತ್ತಿದ್ದರು. ಹರೆಯದಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತ ತಿಕೋಟಾ, ಬಬಲೇಶ್ವರ ಕಡೆಯ ಮದುವೆಗಳನ್ನೆಲ್ಲ ತಿರುಗಿದವರು. ಎಡಗೈಯ ನಾಲ್ಕು ಬೆರಳುಗಳ ತುದಿಗಳು ತಂತಿ ಒತ್ತಿ ಒತ್ತಿ ಹುಣಸೆಬೀಜದಂತೆ ಗಟ್ಟಿಯಾಗಿ ಹೊಳೆಯುತ್ತಿದ್ದವು. ಕುದಿಯುವ ಚಹಾದ ಗ್ಲಾಸನ್ನು ಅದೇ ತುದಿಗಳಲ್ಲಿ ಹಿಡಿದುಕೊಂಡು, ಆರುವವರೆಗೂ ಕೆಳಗಿಡದೆ ಮಾತಾಡುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಮನೆಯಲ್ಲಿ ಗಿಟಾರ್ ಇದ್ದೂ ಇನ್ನೊಂದು ಬೇಕೆಂದು ಬಂದವರಿಗೆ ಒಮ್ಮೆಲೇ ಮಾರುತ್ತಿರಲಿಲ್ಲ. ಇದ್ದಷ್ಟನ್ನೂ ಹಿಂದಿನ ದಿನ ತಂದು ಅಂಗಡಿಯಲ್ಲಿ ಇಡಬೇಕು. ಮರುದಿನ ಬಂದು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಚಾಚಾ ಒಂದೊಂದನ್ನೇ ಬಾರಿಸುತ್ತಾರೆ, ದನಿ ಕೇಳಿ ಯಾವುದೆಂದು ಹೇಳಬೇಕು. ಎಲ್ಲವನ್ನೂ ಸರಿಯಾಗಿ ಹೇಳಿದರೆ ಮಾತ್ರ ಹೊಸದು.

"ಒಬ್ಬನಿಗೆ ಎಷ್ಟು ಗಿಟಾರ ಬೇಕಾಕ್ಕಾವ್ರಿ ಚಾಚಾ?" ಎಂದು ಒಮ್ಮೆ ಕೇಳಿದ್ದೆ.

"ಎಷ್ಟರ ಗುರ್ತ ಹಿಡಿತೀರಿ, ಅಷ್ಟು. ಹತ್ತು ಹಿಡದ್ರ ಹತ್ತು ಇಟ್ಕೋರಿ. ನಂದೇನು ಗಂಟು ಹೋಗೂದೈತಿ?"

ಎದುರಿಗೆ ಚಹಾದಂಗಡಿ ಇಟ್ಟವರು ನಗುತ್ತಿದ್ದರು. "ಚಾಚಾನ ಅಂಗಡ್ಯಾಗ ಗಿರಾಕಿಗಿಂತ ಗ್ವಾಡಿಗೇ ಕೆಲಸ ಭಾಳ ನೋಡ್ರಿ."

ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಆಗ ನನ್ನಲ್ಲಿ ನಾಲ್ಕು ಗಿಟಾರ್‌ಗಳಿದ್ದವು. ಕಾಲೇಜಿನ ದಿನಗಳ ಮೊದಲನೆಯದು ಅಂಚು ಕೆತ್ತಿ, ತಂತಿ ತುಕ್ಕು ಹಿಡಿದು, ಕಪಾಟಿನ ಹಿಂದೆ ನಿಂತಿತ್ತು. ಬಣ್ಣ ನೋಡಿ ತಂದ ಕರಿಯದೊಂದು, ಬೇಕಾದರೆ ಸ್ಪೀಕರಿಗೂ ಜೋಡಿಸಬಹುದಾದದ್ದೊಂದು, ಪ್ರಯಾಣಕ್ಕೆಂದು ತಂದ ಸಣ್ಣದೊಂದು. ಇಷ್ಟಿದ್ದೂ ಚಾಚಾನ ಅಂಗಡಿಯ ಮೊಳೆಗೆ ತೂಗುಹಾಕಿದ್ದ ಜೇನು ಬಣ್ಣದ ಗಿಟಾರ್ ನನ್ನ ಮನಸ್ಸು ಕೆಡಿಸಿತ್ತು.

"ಈ ಮನ್ಯಾಗ ಮನಷ್ಯಾರು ಮೂರು, ಗಿಟಾರ ನಾಕು," ಎಂದಳು ಹೆಂಡತಿ. "ಚಾಚಾ ಹೂಂ ಅಂದ್ರ ತೊಗೋರಿ, ನಾ ಬಾಯಿ ತಗ್ಯಾಂಗಿಲ್ಲ. ಊಹೂಂ ಅಂದ್ರ ಮತ್ತ ಈ ಜನ್ಮದಾಗ ಹೊಸ ಗಿಟಾರಿನ ಮಾತು ತಗೀಬಾರದು."

ಒಪ್ಪಿದೆ. ಹದಿನಾರು ವರ್ಷ ಬಾರಿಸಿದವನಿಗೆ ತನ್ನವೇ ನಾಲ್ಕು ದನಿಗಳು ತಿಳಿಯದೇ ಇರುತ್ತವೆಯೇ ಎಂಬ ಧೈರ್ಯ. ಶನಿವಾರ ನಾಲ್ಕನ್ನೂ ಟಂಟಂ ಆಟೋದಲ್ಲಿ ಹೇರಿಕೊಂಡು ಹೋಗಿ ಇಟ್ಟು ಬಂದೆವು.

ರವಿವಾರ ಹೆಂಡತಿಯೂ ಜೊತೆಗೆ ಬಂದಿದ್ದಳು. ಕೇಳಿದ್ದು ಇಷ್ಟು. ಮೊದಲ ದನಿಗೆ "ಕರೇದು" ಎಂದೆ. ಚಾಚಾ "ಹ್ಞೂಂ, ಮುಂದ" ಎಂದರು. ಸರಿಯೋ ತಪ್ಪೋ ಹೇಳಲಿಲ್ಲ. ಎರಡನೆಯದಕ್ಕೆ "ಸಣ್ಣದು" ಎಂದೆ. ಮೂರನೆಯದಕ್ಕೆ "ಸ್ಪೀಕರಿಂದು" ಎಂದಾಗ ಹೆಂಡತಿಯ ಬಳೆಗಳು ಸದ್ದು ಮಾಡಿದವು. ಬಾಯಿಗೆ ಕೈ ಅಡ್ಡ ಹಿಡಿದಿದ್ದಳಂತೆ, ಆಮೇಲೆ ಹೇಳಿದಳು.

ನಾಲ್ಕನೆಯ ದನಿ ಬಂತು. ದುಂಡಗಿನ, ಅವಸರವಿಲ್ಲದ ದನಿ. ಗೋಡೆಯ ಹತ್ತಿರವಿದ್ದ ನನ್ನ ಎದೆಯ ಎಲುಬಿಗೆ ತಾಗಿತು. ಅದು ನಿಲ್ಲುವ ಮೊದಲೇ ಹೇಳಿಬಿಟ್ಟೆ. "ಚಾಚಾ, ಇದು ನಿಮ್ಮದು. ಜೇನು ಬಣ್ಣದ್ದು. ನಾ ಜೀವಾ ಬಿಡಾಕತ್ತಿದ್ದು ಇದಕ್ಕ ನೋಡ್ರಿ."

ಮೊದಲು ನಕ್ಕವರು ಗ್ಲಾಸು ಒಯ್ಯಲು ಬಂದು ನಿಂತಿದ್ದ ಚಹಾದವರು. ಆಮೇಲೆ ಹೆಂಡತಿ.

"ತಿರಗ್ರಿ ಮಾಸ್ತರ," ಎಂದರು ಚಾಚಾ.

ಈಗ ನೋಡಿದ್ದು. ಜೇನು ಬಣ್ಣದ್ದು ಅದೇ ಮೊಳೆಯಲ್ಲಿತ್ತು, ಇಳಿದೇ ಇರಲಿಲ್ಲ. ಚಾಚಾನ ತೊಡೆಯ ಮೇಲೆ ಇದ್ದದ್ದು ಅಂಚು ಕೆತ್ತಿದ ನನ್ನ ಮೊದಲ ಗಿಟಾರ್. ಧೂಳು ಒರೆಸಿ, ತುಕ್ಕು ತಂತಿ ತೆಗೆದು, ಹೊಸ ತಂತಿ ಹಾಕಿದ್ದರು. ಉಳಿದವುಗಳಲ್ಲಿ ಸಣ್ಣದೊಂದನ್ನೇ ಸರಿಯಾಗಿ ಹೇಳಿದ್ದೆ. ಕರಿಯದನ್ನೂ ಸ್ಪೀಕರಿನದನ್ನೂ ಅದಲುಬದಲು ಮಾಡಿದ್ದೆ.

"ನೀವು ಇದಕ್ಕ ತಂತಿ ಹಾಕಬೇಕಾಗಿತ್ರಿ ಮಾಸ್ತರ," ಎಂದರು. "ಅದರ ಬದಲಿ ಮೂರು ಗಿಟಾರ ತಂದೀರಿ."

ಅದನ್ನು ಇಸಿದುಕೊಂಡು, ಎದೆಗೆ ಒತ್ತಿ ಹಿಡಿದು, ಒಂದು ತಂತಿ ಮೀಟಿದೆ.

"ಸಣ್ಣದರ ಗುರ್ತ ಹಿಡದೀರಿ, ಬೇಕಾದ್ರ ಒಯ್ರಿ," ಎಂದರು ಚಾಚಾ. ಕೈಯಲ್ಲಿದ್ದದ್ದೊಂದೇ ಸಾಕೆಂದು ನಾನೇ ಬೇಡವೆಂದೆ.

"ಹಂಗಾದ್ರ ಆ ಮೂರನ್ನ ಏನ್ ಮಾಡೂದ್ರಿ ಚಾಚಾ?" ಹೆಂಡತಿ ಕೇಳಿದಳು.

"ಇಲ್ಲೇ ಇರಲಿ ಬೇಟಿ. ಕಲಿಯಾಕ ಬರೋರು ಭಾಳ ಮಂದಿ ಅದಾರ, ಕೈಯಾಗ ಗಿಟಾರ ಇಲ್ಲ."

ಮರುವರ್ಷ ಘೋಣಸಗಿಗೆ ಮದುವೆಗೆ ಹೋಗಿದ್ದೆವು. ಪೆಂಡಾಲಿನ ಹೊರಗೆ ಚಪ್ಪಲಿ ಬಿಡುವಾಗಲೇ ಒಳಗಿನ ಗಿಟಾರಿನ ದನಿ ಕೇಳಿ ನಾನು ಅಂದೆ, "ಇದು ನಮ್ಮ ಕರೇದು." ಹೆಂಡತಿ ಒಳಗೆ ಇಣುಕಿ ನೋಡಿ ಬಂದಳು. ಚಾಚಾನ ಹತ್ತಿರ ಕಲಿತ ಬಿಜ್ಜರಗಿಯ ಹುಡುಗಿಯೊಬ್ಬಳ ಕೈಯಲ್ಲಿ ಕರಿಯದೇ ಇತ್ತು. "ಕೊಟ್ಟ ಮ್ಯಾಲ ಗುರ್ತ ಹತ್ತಿತೇನ್ರಿ?" ಎಂದಳು. ಇದನ್ನು ಹೇಳಿದಾಗ ಚಾಚಾ ಚಹಾ ಚೆಲ್ಲುವಷ್ಟು ನಕ್ಕರು.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನನ್ನ ಗಿಟಾರ್ ಹೆಗಲಿಗೆ ಹಾಕಿಕೊಂಡು ಹೆಂಡತಿಯೊಂದಿಗೆ ಅವರ ಮನೆಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಇರಬೇಕೆಂದು ನಾವು ಸದ್ದಿಲ್ಲದೆ ಹೊಸ್ತಿಲಲ್ಲಿ ನಿಂತೆವು. ಗಿಟಾರಿನ ಚೀಲ ಬಾಗಿಲ ಚೌಕಟ್ಟಿಗೆ ತಾಗಿತು. ಒಳಗೆ ತಂತಿಗಳು ಒಮ್ಮೆ ಗುಂಯ್ ಎಂದವು, ಅಷ್ಟೇ.

"ಬರ್ರಿ ಮಾಸ್ತರ," ಎಂದರು ಚಾಚಾ, ತಿರುಗದೆ. "ತಂತಿ ಹೊಸವು ಹಾಕೀರಿ. ಚಲೋ ಆತು."

ಅದಾದ ಇಪ್ಪತ್ತನೆಯ ದಿನ ತೀರಿಕೊಂಡರು.

ನನ್ನ ಮನೆಯಲ್ಲಿ ಈಗಲೂ ಗಿಟಾರ್ ಒಂದೇ. ಆ ರವಿವಾರ ಅಂಗಡಿಯಲ್ಲಿದ್ದವರು ನಾಲ್ವರು. ಗೋಡೆ ನೋಡುತ್ತ ನಿಂತಿದ್ದವನ ಮಾತು ಸಾಲದು ಎನ್ನುವವರು ಕಣ್ಣಾರೆ ನೋಡಿದ ಇಬ್ಬರನ್ನು ಕೇಳಬಹುದು, ಇಬ್ಬರೂ ಇದ್ದಾರೆ. ಒಬ್ಬರು ಅದೇ ರಸ್ತೆಯಲ್ಲಿ ಇನ್ನೂ ಚಹಾ ಮಾರುತ್ತಾರೆ. ಇನ್ನೊಬ್ಬಳು, ನಾನು ಇದನ್ನು ಬರೆಯುತ್ತಿರುವಾಗ, ಒಳಗಿನಿಂದ ಕೇಳುತ್ತಿದ್ದಾಳೆ: "ಯಾಕ್ರಿ, ಇವತ್ತ ಬಾರಸಾಂಗಿಲ್ಲೇನು?"