ಪರೀಕ್ಷೆಗೆ ಹೋದ ಉಪ್ಪುಕಂಡ

ಇದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ಖಚಿತವಾಗಿ ಹೇಳಲಾರೆ. ಬಿಸಿಲು ಜೋರಾಗಿತ್ತು ಎಂದು ನೆನಪು. ನಮ್ಮೂರು ಸೂಲೂರಿನ ಕಡೆ ಅದು ಜೋರಾಗಿಲ್ಲದ ದಿನವೆಷ್ಟು? ಎಂಬತ್ತರ ದಶಕದ ನಡುವೆ ನಾನು ಕೊಯಮತ್ತೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದೆ. ಅಷ್ಟು ನಿಜ.

ಧಾರಾಪುರಂಗೆ ಕೊಟ್ಟಿದ್ದ ಸೋದರತ್ತೆ ಆಗ ಬಸುರಿ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲದೆ ಕಡ್ಡಿಯಾಗಿದ್ದಳು. ಅವಳು ಬೇಕೆಂದು ಕೇಳಿದ್ದು ಒಂದೇ, ಅಜ್ಜಿಯ ಉಪ್ಪುಕಂಡ. ಹಸಿ ಕುರಿಮಾಂಸ ಸೀಳಿ, ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ, ಬಿಸಿಲಲ್ಲಿ ಒಣಗಿಸಿ ಅಜ್ಜಿ ಮಡಕೆಯಲ್ಲಿಡುತ್ತಿದ್ದಳು. ಬೇಕಾದಾಗ ತೆಗೆದು ಹುರಿಯುವುದು. ಆಗಾಗ ಒಂದು ತುಂಡನ್ನು ಮಡಕೆಯ ಕಂಠಕ್ಕೆ ಬಡಿದು ನೋಡುವಳು. ಟಕ್ ಎಂದರೆ ಸರಿ. ಸದ್ದು ಮೆತ್ತಗಾದರೆ ಅಷ್ಟೂ ಮತ್ತೆ ಬಿಸಿಲಿಗೆ.

ನಾನು ಅಡ್ಡ ನಿಂತೆ. ಉಪ್ಪಿಗೂ ಜಗ್ಗದ ಕ್ರಿಮಿಗಳಿವೆ, ಅವು ಬಿಟ್ಟ ವಿಷ ಹುರಿದರೂ ಹೋಗುವುದಿಲ್ಲ, ಬಸುರಿಗೆ ಕಳಿಸಬೇಡ ಎಂದೆ.

“ಯಾಕ್ ಸಾಮಿ, ಆ ಕ್ರಿಮಿನ ನೀ ನೋಡಿದ್ಯಾ?”

“ಕಣ್ಣಿಗೆ ಕಾಣಲ್ಲಜ್ಜಿ.”

“ಕಾಣ್ದೇ ಇರೋದ್ಕೆ ಇಷ್ಟ್ ಪಯ. ಎದ್ರಿಗ್ ನಿಂತಿರೋ ನನ್ ಮೇಲೆ ಒಂಚೂರೂ ಪಯ ಇಲ್ವಲ್ಲೋ!”

ಕೊನೆಗೆ, ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆ ಮುಗಿಯುವವರೆಗೆ ಮಡಕೆ ಮನೆ ಬಿಟ್ಟು ಹೋಗಬಾರದು ಎಂದು ಒಪ್ಪಿಸಿದೆ. ಕಾಲೇಜಿನಲ್ಲಿ ಕಲಿತಂತೆ ಸೋಪು ಹಚ್ಚಿ ಕೈ ತೊಳೆದು, ತೊಟ್ಟಿಕ್ಕುವ ಕೈಯನ್ನೇ ಮಡಕೆಗೆ ಹಾಕಿದೆ.

“ಈರ ಕೈ! ತೆಗಿಯೋ ಈರ ಕೈನ!” ಒದ್ದೆ ಕೈ ಕಂಡು ಅಜ್ಜಿ ಕಿರುಚಿದ್ದು ಪಕ್ಕದ ತೋಟಕ್ಕೂ ಕೇಳಿರಬೇಕು.

ಒದ್ದೆಯಾದ ತುಂಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸು ಹತ್ತಿದೆ. ಲ್ಯಾಬಿನಲ್ಲಿ ಬಿಚ್ಚುವ ಹೊತ್ತಿಗೆ ಚೀಲ ಒಳಗೇ ಬೆವತು ಮಾಂಸ ಅಂಟಂಟಾಗಿತ್ತು. ಇದರಲ್ಲಿ ನಿಮ್ಮ ಅಜ್ಜಿಯ ಕ್ರಿಮಿ ಯಾವುದು, ನಿನ್ನದು ಯಾವುದು ಎಂದು ಮೇಷ್ಟ್ರು ತಮಿಳಿನಲ್ಲಿ ಕೇಳಿ ನಕ್ಕರು.

ಮತ್ತೆ ಊರಿಗೆ ಹೋದೆ. ಅಷ್ಟರಲ್ಲಿ ಅಜ್ಜಿ ನನ್ನ ಕೈ ತಗುಲಿದ ತುಂಡುಗಳನ್ನು ಎಸೆದು, ಉಳಿದವನ್ನು ಒಣಗಿಸಿಟ್ಟಿದ್ದಳು. ಈ ಸಲ ಒಣ ಚಿಮಟ, ಒಣ ಕಾಗದ. ಮೂರು ದಿನ ಬಿಟ್ಟು, ಕ್ರಿಮಿ ಬೆಳೆಯಲು ಇಟ್ಟ ಗಾಜಿನ ತಟ್ಟೆಗಳನ್ನು ನೋಡಿದರೆ ಅಲ್ಲೊಂದು ಇಲ್ಲೊಂದು ಚುಕ್ಕೆ. ನಾನು ಹೆದರಿದ್ದ ಕ್ರಿಮಿ ಇರಲಿಲ್ಲ. ಒಂದು ಮಡಕೆಯ ನಾಲ್ಕು ತುಂಡಿನಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಗೊತ್ತಿದ್ದೂ ಸಂತೋಷದಿಂದ ಸೂಲೂರಿಗೆ ಓಡಿದೆ.

“ಏನ್ ನನ್ ಕಣ್ಣು, ಪಾಸಾ ಫೇಲಾ?”

“ಪಾಸು ಅಜ್ಜಿ.”

“ಸರಿ, ಹಂಗಾದ್ರೆ ನಾಳೆ ಕಳ್ಸಣ,” ಎಂದಳು ಗಂಭೀರವಾಗಿ. ಆ ಗಾಂಭೀರ್ಯ ನಾನು ಆಮೇಲೆ ಹಚ್ಚಿದ ಬಣ್ಣವೂ ಇರಬಹುದು.

ಅತ್ತೆಗೆ ಗಂಡು ಮಗುವಾಯಿತು. ವರ್ಷಗಳ ನಂತರ ಅಜ್ಜಿಯ ಪೆಟ್ಟಿಗೆಯಲ್ಲಿ ಅತ್ತೆ ಬರೆದ ಕಾರ್ಡೊಂದು ಸಿಕ್ಕಿತು. ತಮಿಳು ಅಕ್ಷರದಲ್ಲಿ ನಮ್ಮ ಮನೆಮಾತು ಕನ್ನಡ: “ಕಂಡ ಬಂತು. ತಿಂದೆ, ಹೊಟ್ಟೆಲಿ ನಿಂತ್ಕೊಂಡ್ತು. ಇನ್ನೂ ಕಳ್ಸವ್ವ.” ಅಂಚೆ ಮುದ್ರೆಯ ತಾರೀಖನ್ನು ನನ್ನ ಲ್ಯಾಬ್ ನೋಟ್‌ಬುಕ್ಕಿನ ಪಕ್ಕ ಇಟ್ಟು ಎರಡು ಸಲ ನೋಡಿದೆ. ನಾನು ತಟ್ಟೆಗಳನ್ನು ನೋಡಿದ್ದಕ್ಕಿಂತ ಒಂದು ದಿನ ಮೊದಲೇ ಆ ಕಾರ್ಡು ಧಾರಾಪುರಂ ಬಿಟ್ಟಿತ್ತು.